ಹಳೇ ಲೀ-ಎನ್‌ಫೀಲ್ಡ್ ನಳಿಗೆಯೊಳಗೆ ಇಣುಕಲು ಲ್ಯಾಮಿಂಗ್ಟನ್ ರಸ್ತೆಯ ಕ್ಯಾಮೆರಾ

ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುವ ಯುಎಸ್‌ಬಿ ಎಂಡೋಸ್ಕೋಪ್ ಕ್ಯಾಮೆರಾ ಪ್ಲಂಬರ್‌ಗಳ, ಕಾರ್ ಮೆಕ್ಯಾನಿಕ್‌ಗಳ ಸಾಮಾನು. ಹಳೇ ಬ್ರಿಟಿಷ್ ರೈಫಲ್ ಲೀ-ಎನ್‌ಫೀಲ್ಡ್‌ಗೆ ಯಾವ ಮಾರ್ಪಾಡು ಆಗಿದೆ ಎಂದು ಪತ್ತೆಹಚ್ಚಲು ಇದು ಅರ್ಧ ಕೆಲಸಕ್ಕೆ ಆಗುತ್ತದೆ. ಆದರೆ ಆ ಅರ್ಧ ಬರಿಗಣ್ಣಿಗೆ ದಕ್ಕದ್ದು.

ತಲೆಯ ದಪ್ಪ ನೋಡಿ ಕೊಳ್ಳಿ. ಅಂಗಡಿಯವರು 8 ಮಿ.ಮೀ.ದನ್ನು ಮುಂದಿಟ್ಟರೆ ಬೇಡವೆನ್ನಿ; ಈ ರೈಫಲ್‌ನ .303 (ಇಂಚಿನ ಲೆಕ್ಕ) ನಳಿಗೆಯ ಒಳವ್ಯಾಸವೇ 7.7 ಮಿ.ಮೀ. 7 ಮಿ.ಮೀ.ದು ತೂರಿದರೂ ಗೋಡೆಗೆ ಉಜ್ಜುತ್ತದೆ. 'ಸಾಡೆ ಪಾಂಚ್ ಎಂಎಂ' (ಐದೂವರೆ ಮಿ.ಮೀ.) ಎಂದೇ ಕೇಳಿ. ಜೊತೆಗೆ ಬರುವ ಕನ್ನಡಿ ಟೋಪಿ ತೊಡಿಸಿದರೆ ಮತ್ತೆ ದಪ್ಪವಾಗುತ್ತದೆ, ಡಬ್ಬಿಯಲ್ಲೇ ಇರಲಿ. ಎರಡು ಲೆನ್ಸಿನ ಮಾದರಿಗೆ ಹೆಚ್ಚು ಹಣ ಸುರಿಯುವುದು ದಂಡ: ಪಕ್ಕದ ಲೆನ್ಸಿನಿಂದ ಗೋಡೆಗೆ ಇರುವುದು ಒಂದೇ ಮಿ.ಮೀ., ಇವುಗಳ ಫೋಕಸ್ ಶುರುವಾಗುವುದೇ ಎರಡು-ಮೂರು ಸೆಂ.ಮೀ. ಆಚೆಗೆ. ಮುಂದಿನ ಲೆನ್ಸೇ ಸಾಕು.

.303 ನಮ್ಮಲ್ಲಿ ನಿಷೇಧಿತ ಬೋರ್. ಕಾಗದಪತ್ರ ಸರಿಯಿರುವ ರೈಫಲ್ ಬಿಟ್ಟು ಬೇರೆಯದನ್ನು ಮುಟ್ಟಬೇಡಿ. ಹಳೇ ಸಾಮಾನಿನವರು 'ಆಂಟಿಕ್' ಎಂದ ಮಾತ್ರಕ್ಕೆ 1959ರ ಆಯುಧ ಕಾಯ್ದೆ ಸುಮ್ಮನಿರುವುದಿಲ್ಲ.

ಮೊದಲು ಮ್ಯಾಗಜೀನ್ (ತೋಟಾ ತುಂಬುವ ಡಬ್ಬಿ) ತೆಗೆದು, ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಖಾಲಿ ಇದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ. ಹಿಂಬದಿ ಮುಚ್ಚುವ ಬೋಲ್ಟ್ ಹೊರತೆಗೆದು, ಒಣಬಟ್ಟೆಯಿಂದ ನಳಿಗೆಯ ಎಣ್ಣೆ ಒರೆಸಿ. ಲೆನ್ಸಿಗೆ ಎಣ್ಣೆ ತಾಗಿದರೆ ಎಲ್ಲವೂ ಮಂಜು. ಕ್ಯಾಮೆರಾವನ್ನು ಹಿಂಬದಿಯಿಂದ ಇಳಿಸಿ, ಎಲ್‌ಇಡಿಯನ್ನು ಕನಿಷ್ಠಕ್ಕೆ ತನ್ನಿ. ಪೂರ್ತಿ ಬೆಳಕಿನಲ್ಲಿ ಹೊಳೆಯುವ ಉಕ್ಕು ಬರೀ ಬಿಳಿ ಉಂಗುರವಾಗಿ ಕಾಣುತ್ತದೆ.

ಈಗ ಗ್ರೂವ್, ಅಂದರೆ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೀರು ಎಣಿಸಿ. ಮಾಮೂಲಿ ಎನ್‌ಫೀಲ್ಡ್ ನಳಿಗೆಯಲ್ಲಿ ಐದು, ತಿರುವು ಎಡಕ್ಕೆ. ನಂ. 4 ಎಂಬ ಮಾದರಿಯ ರೈಫಲ್‌ನಲ್ಲಿ ಎರಡೇ ಕಂಡರೆ ಯಾರೋ ನಳಿಗೆ ಬದಲಿಸಿದ್ದಾರೆ ಎಂದು ಹೌಹಾರಬೇಡಿ, ಯುದ್ಧಕಾಲದಲ್ಲಿ ಕೆಲಸ ಬೇಗ ಮುಗಿಯಲೆಂದು ಕಾರ್ಖಾನೆಯೇ ಹಾಗೆ ಮಾಡಿತ್ತು. ಗ್ರೂವ್ ಒಂದೂ ಇಲ್ಲದೆ ಗೋಡೆ ನುಣುಪಾಗಿದ್ದರೆ, ಅದು ಪೊಲೀಸರಿಗೂ ಕಾವಲಿನವರಿಗೂ .410 ಮಸ್ಕೆಟ್ (ನುಣುಪು ನಳಿಗೆಯ ಬಂದೂಕು) ಆಗಿ ಬಂಗಾಳದ ಇಶಾಪುರದ ಬಂದೂಕು ಕಾರ್ಖಾನೆಯಲ್ಲಿ ಬದಲಾದ ರೈಫಲ್ ಇರಬಹುದು. ಮ್ಯಾಗಜೀನ್ ಜಾಗದಲ್ಲಿ ಮರದ ತುಂಡು ಇದೆಯೇ ನೋಡಿ. ನಳಿಗೆಯ ಬಾಯಲ್ಲಿ ಉಂಗುರದಂಥ ಕೂಡುಗೆರೆ ಕಂಡರೆ ಒಳಗೆ .22 ಕೊಳವೆ ಕೂಡಿಸಿದ್ದಾರೆ. ಡಿ.ಪಿ. ಮುದ್ರೆ ಎಂದರೆ ಕವಾಯತಿನ ರೈಫಲ್. ಗುಂಡು ಹಾರಿಸಲಾಗದಂತೆ ಚೇಂಬರಿಗೆ ಕೊರೆದ ತೂತನ್ನು ಹೊರಗೆ ಮುಚ್ಚಿ ಪಾಲಿಶ್ ಮಾಡಿದ್ದರೂ ಒಳಗಿನಿಂದ ಕಲೆ ಎದ್ದು ಕಾಣುತ್ತದೆ. ತೂತೇ ಇಲ್ಲದ ಡಿ.ಪಿ.ಗಳೂ ಇವೆ, ಬರೀ ಮುದ್ರೆ ನಂಬಿ ನಿಷ್ಕ್ರಿಯ ಎನ್ನಬೇಡಿ.

ಒಂದು ಬಲೆ ಇದೆ. ಕೆಲವು ಆ್ಯಪ್‌ಗಳು ಚಿತ್ರವನ್ನು ಕನ್ನಡಿಯಂತೆ ಅದಲುಬದಲು ಮಾಡಿ ತೋರಿಸುತ್ತವೆ. ಎಡ ತಿರುವು ಬಲವಾಗಿ ಕಂಡು, ಒಳ್ಳೆಯ ನಳಿಗೆಯೂ ಪರಕೀಯವೆನಿಸುತ್ತದೆ. ಮೊದಲು ಒಂದು ಪತ್ರಿಕೆಯ ಅಕ್ಷರ ತೋರಿಸಿ, ನೇರವಾಗಿ ಓದಲು ಬರುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಯಾವ ತುದಿಯಿಂದ ನೋಡಿದರೂ ತಿರುವಿನ ದಿಕ್ಕು ಬದಲಾಗದು.

ಉಳಿದರ್ಧಕ್ಕೆ ಕ್ಯಾಮೆರಾ ಬೇಡ. ಮ್ಯಾಗಜೀನಿನ ಮುಂದೆ ಮರವನ್ನು ಅಡ್ಡ ದಾಟುವ ತಿರುಪು ಆಮೇಲಿನ ರಿಪೇರಿಯಲ್ಲ, ಮರ ಸೀಳದಿರಲೆಂದು ಇಶಾಪುರ ಹಾಕಿದ್ದು. ಮುಂಭಾಗದಲ್ಲಿ ಒತ್ತಾಗಿ ಸುತ್ತಿದ ತಂತಿ ಗ್ರೆನೇಡ್ ಹಾರಿಸುತ್ತಿದ್ದ ರೈಫಲ್‌ನ ಗುರುತು. ಗುರಿ ನೋಡುವ ಹಿಂದಿನ ಸೈಟ್‌ನ ದೂರದ ಅಂಕಿ 2000ದ ಬದಲು 800ಕ್ಕೆ ಮುಗಿದು, ಮ್ಯಾಗಜೀನ್ ಚೌಕಾಕಾರವಿದ್ದರೆ ಅದು .303 ಅಲ್ಲವೇ ಅಲ್ಲ, 7.62 ಮಿ.ಮೀ. ತೋಟಾದ 2ಎ1 ಮಾದರಿ. ಜಂಗಲ್ ಕಾರ್ಬೈನ್ ಎಂದು ಕೊಡುವ ನಂ. 5ರಲ್ಲಿ ನಕಲಿಯೇ ಜಾಸ್ತಿ: ಮರ ಬಿಚ್ಚಿ, ಚೇಂಬರಿನ ಬಳಿ ನಳಿಗೆಯ ಲೋಹವನ್ನು ಹಗುರ ಮಾಡಲು ಕೆತ್ತಿ ತೆಗೆದಿದ್ದಾರೆಯೇ, ಬೋಲ್ಟ್ ಗುಂಡಿ ಟೊಳ್ಳಾಗಿದೆಯೇ ನೋಡಿ. ಎರಡೂ ಇಲ್ಲದಿದ್ದರೆ ನಂ. 4ನ್ನು ಕತ್ತರಿಸಿ, ನಳಿಗೆಯ ಬಾಯಿಗೆ ಬೆಂಕಿ ಮರೆಮಾಡುವ ಫ್ಲ್ಯಾಶ್ ಹೈಡರ್ ಜೋಡಿಸಿದ್ದು.

ವೈಫೈ ಮಾದರಿ ಬೇಡ. ಚಿತ್ರ ತಡವಾಗಿ ಬರುತ್ತದೆ, ತಲೆ ತಿರುಗಿಸುತ್ತಾ ಗ್ರೂವ್ ಎಣಿಸುವವರಿಗೆ ಲೆಕ್ಕ ತಪ್ಪುತ್ತದೆ. ಟೈಪ್-ಸಿ ತಂತಿಯದನ್ನು ಅಂಗಡಿಯಲ್ಲೇ ನಿಮ್ಮ ಫೋನಿಗೆ ಚುಚ್ಚಿ ನೋಡಿ ತನ್ನಿ. ಈ ಕ್ಯಾಮೆರಾಗೆ ಐದಕ್ಕೆ ಮೂರೂವರೆ ಅಂಕ.