ಎಕ್ಸ್‌ಚೇಂಜ್ ಅಂತ ಜರ್ಮನಿಗೆ ಕರೆದುಕೊಂಡು ಹೋದರು, ಆ ಶಾಲೆಗೇ ಬೀಗ!

ನಿಮ್ಮ ಮಕ್ಕಳ ಶಾಲೆಯಲ್ಲಿ 'ಲ್ಯಾಂಗ್ವೇಜ್ ಟ್ರಿಪ್, ಸ್ಟೂಡೆಂಟ್ ಎಕ್ಸ್‌ಚೇಂಜ್ ಸಹಿತ' ಅಂತ ಬ್ರೋಷರ್ ಕೊಟ್ಟಿದ್ದರೆ ದಯವಿಟ್ಟು ದುಡ್ಡು ಕಟ್ಟುವ ಮೊದಲು ಇದನ್ನು ಓದಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಮಗಳು ಬೆಂಗಳೂರಿನಲ್ಲಿ ಎಂಟನೇ ಕ್ಲಾಸು, ಮೂರನೇ ಭಾಷೆ ಜರ್ಮನ್. 2025ರ ಏಪ್ರಿಲ್‌ನಲ್ಲಿ ಮ್ಯೂನಿಕ್‌ಗೆ ಟ್ರಿಪ್ ಅಂತ ಟೂರ್ ಕಂಪನಿಯವರು ಅಂದರು. ಅಲ್ಲಿನ ಶಾಲೆಯಲ್ಲಿ ಕೂತು ಪಾಠ, ಪ್ರತಿ ಮಗುವಿಗೂ ಒಬ್ಬ ಜರ್ಮನ್ ಜೊತೆಗಾರ, ಕೊನೆಗೆ ಸಾಂಸ್ಕೃತಿಕ ಕಾರ್ಯಕ್ರಮ. ಮೂರು ಲಕ್ಷದ ಹತ್ತಿರ. 90 ಯೂರೋ ವೀಸಾ ಫೀಸು, ಇನ್ಶೂರೆನ್ಸು ಎಲ್ಲ ಬೇರೆ. ಮಕ್ಕಳು ತಿಂಗಳುಗಟ್ಟಲೆ ಕೋಲಾಟ ಕಲಿತರು. ಜೊತೆಗಾರ್ತಿಗೆ ಅಂತ ಮಗಳು ಚನ್ನಪಟ್ಟಣದ ಗೊಂಬೆ ತಗೊಂಡಳು, ಜೊತೆಗೆ ಜರ್ಮನ್‌ನಲ್ಲಿ ಒಂದು ಚೀಟಿ. ಹೆಸರು ಬರೆಯುವ ಜಾಗ ಖಾಲಿ ಬಿಟ್ಟಿದ್ದಳು. ಯಾಕಂದರೆ ಹೆಸರು ಕೊಟ್ಟೇ ಇರಲಿಲ್ಲ. ಕೇಳಿದಾಗಲೆಲ್ಲ "ಅಲ್ಲಿ ಹೋದ ಮೇಲೆ ಪೇರ್ ಮಾಡ್ತೀವಿ ಮೇಡಂ" ಅಂತ ಒಂದೇ ಉತ್ತರ.

ಹೋದ ಮೇಲೆ ಫೋನ್ ಬಂತು. "ಅಮ್ಮಾ, ಸ್ಕೂಲ್ ಕ್ಲೋಸ್ ಆಗಿದೆ."

ನನಗೆ ಅರ್ಥವೇ ಆಗಲಿಲ್ಲ. ವಿಡಿಯೋದಲ್ಲಿ ತೋರಿಸಿದಳು. ಗೇಟಿಗೆ ಬೀಗ, ಸೈಕಲ್ ಸ್ಟ್ಯಾಂಡ್ ಖಾಲಿ, ಒಳಗೆ ಒಂದು ನರಪಿಳ್ಳೆ ಇಲ್ಲ. ಟೂರ್ ಮ್ಯಾನೇಜರ್ ಮಕ್ಕಳನ್ನೆಲ್ಲ ಗೇಟಿನ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಪೇರೆಂಟ್ಸ್ ಗ್ರೂಪಿಗೆ ಅದೇ ಫೋಟೋ ಬಂತು, ಮೇಲೆ 'ಎಕ್ಸ್‌ಚೇಂಜ್ ಡೇ' ಅಂತ ಬರಹ! ಬೇರೆ ಅಪ್ಪ ಅಮ್ಮಂದಿರು ಹಾರ್ಟ್ ಹಾಕುತ್ತಿದ್ದರು. ಮೈ ಉರಿದು ಹೋಯಿತು.

ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಆಗ ಈಸ್ಟರ್ ರಜೆ. ಏಪ್ರಿಲ್ 14ರಿಂದ 25ರವರೆಗೆ. ಜರ್ಮನಿಯ 16 ರಾಜ್ಯಗಳೂ ತಮ್ಮ ತಮ್ಮ ಶಾಲಾ ರಜೆಯನ್ನು ವರ್ಷಗಳ ಮೊದಲೇ ಪ್ರಕಟಿಸುತ್ತವೆ. ಇದನ್ನೇ ದಂಧೆ ಮಾಡಿಕೊಂಡವರಿಗೆ ಗೊತ್ತಿರಲ್ವಾ? ಗೊತ್ತಿತ್ತು. ಗೊತ್ತಿದ್ದೇ ಕರೆದುಕೊಂಡು ಹೋದರು.

ಪಾಠ? ಹಾಸ್ಟೆಲಿನ ಊಟದ ಹಾಲ್‌ನಲ್ಲಿ ವರ್ಕ್‌ಶೀಟ್ ಹಂಚಿದರು. ಇಲ್ಲಿನ ಕ್ಲಾಸಿನಲ್ಲಿ ಆಗಲೇ ಮುಗಿಸಿದ್ದ ಪಾಠಗಳೇ. ದಿನವಿಡೀ ಇಂಗ್ಲಿಷು, ಹಿಂದಿ. 'ಸಾಂಸ್ಕೃತಿಕ ದಿನ' ಅಂದರೆ ಬಿಎಂಡಬ್ಲ್ಯೂ ಕಾರು ಕಂಪನಿಯ ಶೋರೂಮ್ 'ಬಿಎಂಡಬ್ಲ್ಯೂ ವೆಲ್ಟ್', ಅದಕ್ಕೆ ಪ್ರವೇಶ ಶುಲ್ಕವೇ ಇಲ್ಲ. ನಾಯ್‌ಶ್ವಾನ್‌ಸ್ಟೈನ್ ಕೋಟೆಯನ್ನು ಹೊರಗಿನಿಂದ ತೋರಿಸಿದರು, ಒಳಗೆ ಹೋಗಲು ಟಿಕೆಟ್ ತೆಗೆಸಿರಲಿಲ್ಲ. ಗೊಂಬೆ, ಚೀಟಿ ಹಾಗೇ ವಾಪಸ್ ಬಂದವು. ಕೋಲಾಟ ಯಾರ ಮುಂದೆಯೂ ಆಡಲಿಲ್ಲ. ಮಗಳು ಈಗ ಆ ವಿಷಯ ಎತ್ತಿದರೆ ಎದ್ದು ಹೋಗುತ್ತಾಳೆ.

ಕಂಪನಿಯವರ ಉತ್ತರ ಕೇಳಿ. "ಈಸ್ಟರ್ ನಮ್ಮ ಕೈಲಿಲ್ಲ ಮೇಡಂ." ಆಮೇಲೆ, "ಟರ್ಮ್ಸ್‌ನಲ್ಲಿ ಲಭ್ಯತೆಗೆ ಒಳಪಟ್ಟು ಅಂತ ಇದೆ ನೋಡಿ." ಜಾಸ್ತಿ ಕೇಳಿದ್ದಕ್ಕೆ, "ಮಕ್ಕಳು ಎಂಜಾಯ್ ಮಾಡಿದ್ದಾರಲ್ಲ, ನಿಮಗೊಬ್ಬರಿಗೇ ಪ್ರಾಬ್ಲಂ." ನನಗೊಬ್ಬಳಿಗೇ ಅಂತೆ! ಶಾಲೆಯವರು "ನಾವು ಬರೀ ಸರ್ಕ್ಯುಲರ್ ಕಳಿಸಿದ್ದು" ಅಂತ ಕೈ ತೊಳೆದುಕೊಂಡರು. ಆ ಸರ್ಕ್ಯುಲರ್ ಮೇಲೆ ಪ್ರಿನ್ಸಿಪಾಲರ ಸಹಿ ಇದೆ.

ಕಾಗದ ತೆಗೆದು ನೋಡಿದರೆ ಎಲ್ಲ ಅಲ್ಲೇ ಇದೆ. ಅವರೇ ತುಂಬಿದ ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶಕ್ಕೆ 'ಟೂರಿಸಂ' ಅಂತ ಟಿಕ್. 'ಕಲ್ಚರಲ್' ಅನ್ನುವ ಕಾಲಂ ಬೇರೆ ಇದೆ, ಅದು ಖಾಲಿ. ಬಿಲ್ಲಿನಲ್ಲೂ ವಿದೇಶ ಟೂರ್ ಪ್ಯಾಕೇಜ್ ಅಂತ 5% ಟಿಸಿಎಸ್ (ದುಡ್ಡು ತಗೊಳ್ಳುವಾಗಲೇ ಸರ್ಕಾರಕ್ಕೆ ಅಂತ ವಸೂಲಿ ಮಾಡುವ ತೆರಿಗೆ) ಹಿಡಿದಿದ್ದಾರೆ. ಅಂದರೆ ಸರ್ಕಾರಕ್ಕೆ ಟೂರು, ನಮಗೆ ಮಾತ್ರ ಎಕ್ಸ್‌ಚೇಂಜು.

ಹಾಗಾಗಿ ಹೇಳುತ್ತಿದ್ದೇನೆ. ಆ ಕಡೆಯ ಶಾಲೆಯ ಲೆಟರ್‌ಹೆಡ್‌ನಲ್ಲಿ ಪತ್ರ ಕೇಳಿ. ಜೊತೆಗಾರ ಮಗುವಿನ ಹೆಸರು ಹೊರಡುವ ಮೊದಲೇ ಕೇಳಿ, ಒಂದು ವಿಡಿಯೋ ಕಾಲ್ ಮಾಡಿಸಿ. ಆ ರಾಜ್ಯದ ರಜೆ ಪಟ್ಟಿ ನೀವೇ ನೋಡಿ. ಅವರ ಮಕ್ಕಳು ನಮ್ಮ ಮನೆಗೆ ಯಾವಾಗ ಬರುತ್ತಾರೆ ಅಂತ ಕೇಳಿ, ಆಗ ಮುಖ ನೋಡಿ. ಟಿಸಿಎಸ್ ಹಿಡಿದಿದ್ದರೆ ನಿಮ್ಮ 26ಎಎಸ್‌ನಲ್ಲಿ (ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿ) ಬಂದಿದೆಯಾ ನೋಡಿ, ರಿಟರ್ನ್ಸ್‌ನಲ್ಲಿ ಅದನ್ನು ಕ್ಲೇಮ್ ಮಾಡಬಹುದು.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಮುಂದೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. ನಾವು ಕೊಟ್ಟ ದುಡ್ಡು ಐದು ಲಕ್ಷದವರೆಗಿದ್ದರೆ ಅಲ್ಲಿ ಫೀಸಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ನಿಮಗೂ ಹೀಗೇ ಆಗಿದ್ದರೆ ಸುಮ್ನೆ ಕೂರಬೇಡಿ.

ಮೊನ್ನೆ ಅದೇ ಕಂಪನಿ ಇನ್ನೊಂದು ಶಾಲೆಯಲ್ಲಿ ಬ್ರೋಷರ್ ಹಂಚಿದೆ. ಮತ್ತೆ ಮ್ಯೂನಿಕ್, 2026ರ ಏಪ್ರಿಲ್ ಮೊದಲ ವಾರ. ಅಲ್ಲಿ ಮಾರ್ಚ್ 30ರಿಂದ ಏಪ್ರಿಲ್ 10ರವರೆಗೆ ಈಸ್ಟರ್ ರಜೆ.