ಯಾರಿಗೂ ಹೇಳಬೇಡಿ ಅಂದವರ ಫೋನು ಕಟ್ ಮಾಡಿ

ನಮ್ಮ ಸೋದರತ್ತೆಗೆ ಆದ ಮೋಸವನ್ನು ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. “ನನ್ನ ಹೆಸರು, ಊರು ಹಾಕಬೇಡ ಕಣೋ. ಮಿಕ್ಕಿದ್ದೆಲ್ಲ ಬರಿ. ನನ್ನ ಹಾಗೆ ಮನೇಲಿ ಒಬ್ಬೊಬ್ಬರೇ ಇರೋರು ಎಷ್ಟು ಜನ ಇದ್ದಾರೆ” ಅಂತ ಅವರೇ ಹೇಳಿದರು. ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಹಿರಿಯರಿದ್ದರೆ ಕೂರಿಸಿಕೊಂಡು ಓದಿ ಹೇಳಿ.

ಅತ್ತೆ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ನಿವೃತ್ತರಾದವರು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರೇ ನೋಡಿಕೊಂಡವರು. ಕುಡಿದು ಬಂದು ಗಲಾಟೆ ಮಾಡುವವರನ್ನು ಗದರಿಸಿ ಆಚೆ ಕಳಿಸಿದವರು. ಮಾವ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ, ಮಗ ಪುಣೆಯಲ್ಲಿ. ಕರೆಂಟ್ ಬಿಲ್ಲು, ಗ್ಯಾಸು ಎಲ್ಲ ಫೋನಿನಲ್ಲೇ ಕಟ್ಟುತ್ತಾರೆ. ಓಟಿಪಿ ಯಾರಿಗೂ ಹೇಳಬಾರದು, ಗೊತ್ತಿಲ್ಲದ ಲಿಂಕ್ ಒತ್ತಬಾರದು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಈ ಮೋಸದಲ್ಲಿ ಯಾರೂ ಓಟಿಪಿ ಕೇಳಲೇ ಇಲ್ಲ, ಲಿಂಕೂ ಕಳಿಸಲಿಲ್ಲ. ಅವರೇ ಬ್ಯಾಂಕಿಗೆ ನಡೆದುಕೊಂಡು ಹೋಗಿ, ಅವರೇ ಸಹಿ ಹಾಕಿ ಹಣ ಕಳಿಸಿದರು. ನನಗೆ ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ಶುರುವಾದದ್ದು ಬೆಳಿಗ್ಗೆ ಬಂದ ಒಂದು ರೆಕಾರ್ಡಿಂಗ್ ಕರೆಯಿಂದ. ‘ಟ್ರಾಯ್ ಕಚೇರಿಯಿಂದ ಕರೆ, ಇನ್ನು ಎರಡು ಗಂಟೆಯಲ್ಲಿ ನಿಮ್ಮ ನಂಬರು ಬಂದ್ ಆಗುತ್ತೆ, ವಿವರಕ್ಕೆ ಒಂಬತ್ತು ಒತ್ತಿ.’ ಒತ್ತಿದ್ದಾರೆ. (ಟ್ರಾಯ್ ಮೊಬೈಲ್ ಕಂಪನಿಗಳಿಗೆ ನಿಯಮ ಮಾಡುವ ಪ್ರಾಧಿಕಾರ. ಗ್ರಾಹಕರಿಗೆ ಕರೆ ಮಾಡಿ ನಂಬರು ಬಂದ್ ಮಾಡ್ತೀವಿ ಅಂತ ಅದು ಹೇಳುವುದಿಲ್ಲ.) ಆ ಕಡೆ ಬಂದವನು ಬಹಳ ಮರ್ಯಾದೆಯಿಂದ ಮಾತಾಡಿದ್ದಾನೆ. ಅತ್ತೆಯ ಪೂರ್ತಿ ಹೆಸರು, ಮನೆ ವಿಳಾಸ, ಆಧಾರ್ ನಂಬರು ಗಡಗಡ ಓದಿದ್ದಾನೆ. ಇದೇ ಆಧಾರ್ ಮೇಲೆ ಮುಂಬೈಯಲ್ಲಿ ಇನ್ನೊಂದು ಸಿಮ್ ತಗೊಂಡಿದ್ದಾರೆ, ಅದರಿಂದ ಅಶ್ಲೀಲ ಮೆಸೇಜ್ ಹೋಗಿವೆ, ಕಪ್ಪು ಹಣದ ಕೇಸೂ ಇದೆ, ಎಫ್‌ಐಆರ್ ಆಗಿದೆ ಅಂದಿದ್ದಾನೆ.

ಆಧಾರ್ ನಂಬರು ಗೊತ್ತಿದ್ದ ಮಾತ್ರಕ್ಕೆ ಅವನು ಅಧಿಕಾರಿ ಆಗಿಬಿಡುವುದಿಲ್ಲ ಅನ್ನೋದನ್ನು ಒತ್ತಿ ಹೇಳಬೇಕು. ನಾವು ಲಾಡ್ಜಿಗೆ, ಸಿಮ್ ಅಂಗಡಿಗೆ, ಜೆರಾಕ್ಸ್ ಅಂಗಡಿಗೆ ಕೊಟ್ಟ ಪ್ರತಿಗಳು ಎಲ್ಲೆಲ್ಲಿ ಹೋಗಿವೆಯೋ ಯಾರಿಗೆ ಗೊತ್ತು. ಆದರೆ ಅತ್ತೆಯ ಎದೆ ಧಸಕ್ಕೆಂದದ್ದು ಅಲ್ಲೇ. ಇಷ್ಟೆಲ್ಲ ಗೊತ್ತಿರೋನು ಸರ್ಕಾರದವನೇ ಅಂದುಕೊಂಡರು.

“ಮುಂಬೈಗೆ ಬಂದು ಹೇಳಿಕೆ ಕೊಡಿ, ಆಗಲ್ಲ ಅಂದರೆ ವಿಡಿಯೊ ಕಾಲ್‌ನಲ್ಲಿ ತಗೋತಾರೆ” ಅಂತ ವಾಟ್ಸ್‌ಆಪ್‌ಗೆ ದಾಟಿಸಿದರು. ಅಲ್ಲಿ ಖಾಕಿ ಹಾಕಿಕೊಂಡವನು ಕೂತಿದ್ದ. ಹಿಂದೆ ಗೋಡೆಯಲ್ಲಿ ಲಾಂಛನ, ಬಾವುಟ, ವೈರ್‌ಲೆಸ್ ಸೆಟ್ಟಿನ ಸದ್ದು. ಅವನು ಹಿಂದಿಯಲ್ಲಿ ಕಿರುಚಾಡುತ್ತಿದ್ದ. ಅತ್ತೆಗೆ ಹಿಂದಿ ಅಷ್ಟಕ್ಕಷ್ಟೆ. ಅಷ್ಟರಲ್ಲಿ ಇನ್ನೊಬ್ಬ ಕನ್ನಡದಲ್ಲಿ ಮಾತಾಡುತ್ತ ಬಂದ: “ಅಮ್ಮಾ, ಹೆದರಬೇಡಿ, ನಾನೂ ನಮ್ಮ ಕಡೆಯವನೇ. ಸಾಹೇಬರು ಸಿಟ್ಟಲ್ಲಿದ್ದಾರೆ. ನೀವು ತಪ್ಪು ಮಾಡಿಲ್ಲ ಅಂತ ನನಗೆ ಗೊತ್ತು, ನಾನು ಹೇಳಿದ ಹಾಗೆ ಕೇಳಿ, ಬಿಡಿಸ್ತೀನಿ.” ಖಾಕಿಯವನಿಗಿಂತ ಅಪಾಯಕಾರಿ ಇವನೇ. ಬೈಯುವವನ ಮೇಲೆ ಯಾವಾಗಲೋ ಒಮ್ಮೆ ಅನುಮಾನ ಬಂದೀತು. ನಮ್ಮದೇ ಭಾಷೆಯಲ್ಲಿ ಅಮ್ಮಾ ಅಂತ ಕರೆದವನ ಮೇಲೆ ಹೇಗೆ ಬರಬೇಕು? ಅತ್ತೆ ಆ ಹುಡುಗನ ಊಟ ಆಯಿತಾ ಅಂತ ಸಹ ವಿಚಾರಿಸಿದ್ದಾರೆ.

ಆಮೇಲೆ ಸುಪ್ರೀಂ ಕೋರ್ಟ್ ಮುದ್ರೆ ಇರುವ ಕಾಗದ ಬಂತು, ರಿಸರ್ವ್ ಬ್ಯಾಂಕ್ ಕಾಗದ ಬಂತು. ನಿಮ್ಮನ್ನು ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆ ಅಂದರು. ಕ್ಯಾಮೆರಾ ಆಫ್ ಮಾಡುವಂತಿಲ್ಲ, ಫೋನು ಚಾರ್ಜಿಗೆ ಹಾಕಿಯೇ ಇರಬೇಕು, ಬಚ್ಚಲಿಗೆ ಹೋಗುವಾಗಲೂ ಹೇಳಿ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇದು ಗೌಪ್ಯ ತನಿಖೆ, ಮಗನಿಗೂ ಹೇಳುವಂತಿಲ್ಲ, ಹೇಳಿದರೆ ಅವನನ್ನೂ ಕೇಸಿಗೆ ಸೇರಿಸುತ್ತೇವೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ನಮ್ಮ ದೇಶದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎನ್ನುವುದಿಲ್ಲ. ಪೊಲೀಸರು ನಿಜವಾಗಿ ಬಂಧಿಸುವಾಗ ಬಂಧನದ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೋ ಆ ಜಾಗದ ಗಣ್ಯರೋ ಸಾಕ್ಷಿಯಾಗಿ ಸಹಿ ಹಾಕಬೇಕು. ಮನೆಯವರು ಸಾಕ್ಷಿಯಾಗಿಲ್ಲದಿದ್ದರೆ, ಸಂಬಂಧಿಕರಿಗೋ ಸ್ನೇಹಿತರಿಗೋ ವಿಷಯ ತಿಳಿಸುವ ಹಕ್ಕು ನಿಮಗಿದೆ ಅಂತ ಪೊಲೀಸರೇ ಹೇಳಬೇಕು. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ನಿಯಮ ಇದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಹೆಂಗಸರನ್ನಂತೂ ವಿಶೇಷ ಸಂದರ್ಭ ಬಿಟ್ಟರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತೆಯೇ ಇಲ್ಲ. ವಿಶೇಷ ಸಂದರ್ಭ ಅಂದರೂ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಅಂದರೆ ನಿಜವಾದ ಪೊಲೀಸರಿಗೆ ಕಾನೂನು ಹೇಳುವುದು ‘ಮನೆಯವರಿಗೆ ತಿಳಿಸು’ ಅಂತ. ಕಳ್ಳ ಹೇಳುವುದು ‘ಯಾರಿಗೂ ತಿಳಿಸಬೇಡ’ ಅಂತ. ಬಾವುಟ, ಸಮವಸ್ತ್ರ, ಮುದ್ರೆ ಎಲ್ಲ ನಕಲು ಮಾಡಬಹುದು, ಈ ಒಂದನ್ನು ಮಾತ್ರ ಅವರು ಬಿಡಲಾರರು. ಇನ್ನೊಬ್ಬರ ಕಿವಿಗೆ ಬಿದ್ದ ಕೂಡಲೇ ಅವರ ಆಟ ಮುಗಿಯಿತು.

ಮಧ್ಯಾಹ್ನದ ಹೊತ್ತಿಗೆ ಹಣದ ಮಾತು ಬಂತು. ನಿಮ್ಮ ಎಫ್‌ಡಿ ಹಣ ಅಕ್ರಮದ್ದೋ ಸಕ್ರಮದ್ದೋ ಪರಿಶೀಲಿಸಬೇಕು, ರಿಸರ್ವ್ ಬ್ಯಾಂಕಿನ ಖಾತೆಗೆ ಹಾಕಿ, ಮೂರು ದಿನದಲ್ಲಿ ವಾಪಸ್ ಬರುತ್ತೆ ಅಂದರು. ಫೋನನ್ನು ಚಾಲೂ ಇಟ್ಟೇ ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಅತ್ತೆ ಬ್ಯಾಂಕಿಗೆ ಹೋದರು. ಎಫ್‌ಡಿ ಯಾಕೆ ಮುರಿಸ್ತಿದ್ದೀರಿ ಅಂತ ಕೌಂಟರಿನಲ್ಲಿ ಕೇಳಿದ್ದಾರೆ. ಮಗ ಸೈಟು ತಗೋತಿದ್ದಾನೆ ಅಂತ ಕಳ್ಳರು ಕಲಿಸಿದ್ದ ಉತ್ತರ ಹೇಳಿದರು. 9 ಲಕ್ಷ ಆರ್‌ಟಿಜಿಎಸ್ ಆಗಿ ಹೋಯಿತು. ಖಾತೆ ಇದ್ದದ್ದು ಯಾವುದೋ ಟ್ರೇಡರ್ಸ್ ಹೆಸರಿನಲ್ಲಿ. ರಿಸರ್ವ್ ಬ್ಯಾಂಕು ಜನಸಾಮಾನ್ಯರ ಹಣ ಇಟ್ಟುಕೊಳ್ಳುವ ಬ್ಯಾಂಕೇ ಅಲ್ಲ.

ಇನ್ನೊಂದು ಎಫ್‌ಡಿ 6 ಲಕ್ಷದ್ದಿತ್ತು. ಅದನ್ನು ಮಾರನೇ ದಿನ ತೆಗೆಸುವುದು ಅಂತ ಇಡೀ ರಾತ್ರಿ ಅತ್ತೆಯನ್ನು ಕ್ಯಾಮೆರಾ ಮುಂದೆ ಕೂರಿಸಿದರು. ನಿದ್ದೆಗೆ ಬಿಡಲಿಲ್ಲ. ನಿದ್ದೆಗೆಟ್ಟ ತಲೆ ಯೋಚನೆ ಮಾಡುವುದಿಲ್ಲ ಅಂತ ಆ ಕಳ್ಳರಿಗೆ ಗೊತ್ತಿದೆ.

ಆ ಹಣ ಉಳಿಸಿದ್ದು ಎದುರುಮನೆಯ ಅಕ್ಕ. ಬೆಳಿಗ್ಗೆ ಎಂಟಾದರೂ ಹಾಲಿನ ಪ್ಯಾಕೆಟ್ ಗೇಟಿನಲ್ಲೇ ನೇತಾಡುತ್ತಿತ್ತಂತೆ. ಕಿಟಕಿ ಹತ್ತಿರ ಹೋಗಿ ಕೂಗಿದರೆ ಅತ್ತೆ ಮಾತಾಡದೆ ಕೈಸನ್ನೆಯಲ್ಲೇ ಹೋಗು ಅಂದರಂತೆ. ಅವರು ನನಗೆ ಫೋನ್ ಮಾಡಿದರು. ನಾನು ಅತ್ತೆಗೆ ಮಾಡಿದರೆ ಕಟ್ ಆಗುತ್ತಿತ್ತು. ಆಮೇಲೆ ‘ಐ ಆಮ್ ಫೈನ್, ಕಾಲ್ ಯು ಲೇಟರ್’ ಅಂತ ಮೆಸೇಜ್ ಬಂತು. ನಮ್ಮತ್ತೆ ಜನ್ಮದಲ್ಲಿ ನನಗೆ ಇಂಗ್ಲಿಷಿನಲ್ಲಿ ಮೆಸೇಜ್ ಹಾಕಿದವರಲ್ಲ, ಕನ್ನಡದಲ್ಲಿ ವಾಯ್ಸ್ ಮೆಸೇಜ್ ಕಳಿಸುವವರು. ಹಿತ್ತಿಲ ಬಾಗಿಲಿಂದ ಒಳಗೆ ಹೋಗಿ, ಮೊದಲು ಫೋನು ಕಿತ್ತುಕೊಂಡು ಸ್ವಿಚ್ ಆಫ್ ಮಾಡಿ ಅಂತ ಅಕ್ಕನಿಗೆ, ಅವರ ಮಗನಿಗೆ ಹೇಳಿದೆ. ಹುಡುಗ ಫೋನು ಆಫ್ ಮಾಡಿದ ಕೂಡಲೇ ಅತ್ತೆ “ಏನು ಮಾಡಿಬಿಟ್ಟೆಯೋ, ನನ್ನ ಹಿಡ್ಕೊಂಡು ಹೋಗ್ತಾರೆ” ಅಂತ ಅತ್ತಿದ್ದಾರೆ. ಇದು ಮೋಸ ಅಂತ ಅವರನ್ನು ನಂಬಿಸಲು ಬಹಳ ಹೊತ್ತು ಬೇಕಾಯಿತು.

ಆ ಹುಡುಗ ಜಾಣ. ಬ್ಯಾಗಿನಲ್ಲಿದ್ದ ಆರ್‌ಟಿಜಿಎಸ್ ಚೀಟಿಯ ಫೋಟೊ ಹೊಡೆದು ನನಗೆ ಕಳಿಸಿದ. ಅದನ್ನು ಮುಂದಿಟ್ಟುಕೊಂಡು 1930ಕ್ಕೆ ಕರೆ ಮಾಡಿದೆ. ಈ ನಂಬರು ಬಾಯಿಪಾಠ ಇರಲಿ, ಇಡೀ ದೇಶಕ್ಕೆ ಒಂದೇ. ಅವರು ಕೇಳುವುದು ಹಣ ಹೋದ ಖಾತೆ, ಬ್ಯಾಂಕಿನ ಹೆಸರು, ಯುಟಿಆರ್ ನಂಬರು (ಹಣ ಕಳಿಸಿದ ವಹಿವಾಟಿನ ಗುರುತಿನ ಸಂಖ್ಯೆ), ತಾರೀಕು, ಮೊತ್ತ. ಇವಿಷ್ಟು ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತೆ. ಹಣ ಎಲ್ಲಿ ನಿಂತಿದೆಯೋ ಆ ಬ್ಯಾಂಕಿಗೆ ತಡೆ ಹಿಡಿಯುವ ಸೂಚನೆ ಹೋಗುತ್ತೆ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲೂ ದೂರು ಹಾಕಬಹುದು. ಮರೆಯದೆ ನಿಮ್ಮ ಬ್ಯಾಂಕಿಗೂ ಹೇಳಿ. ಜಿಲ್ಲೆಯ ಸಿಇಎನ್ ಠಾಣೆಯಲ್ಲಿ (ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆ) ಎಫ್‌ಐಆರ್ ಆಗಲೇಬೇಕು. ತಡೆ ಹಿಡಿದ ಹಣ ಬಿಡಿಸಿಕೊಳ್ಳಲು ಕೋರ್ಟಿಗೆ ಹೋದಾಗ ಅದೇ ಆಧಾರ.

ನಮ್ಮದರಲ್ಲಿ ಒಂದು ರಾತ್ರಿ ಕಳೆದುಹೋಗಿತ್ತು. 9 ಲಕ್ಷ ಹತ್ತಾರು ಖಾತೆಗಳಿಗೆ ಚೂರುಚೂರಾಗಿ ಹಂಚಿ, ಹೆಚ್ಚಿನ ಪಾಲನ್ನು ಎಟಿಎಂಗಳಲ್ಲಿ ತೆಗೆದಾಗಿತ್ತು. ತಡೆಗೆ ಸಿಕ್ಕಿದ್ದು 2 ಲಕ್ಷದ ಆಸುಪಾಸು. ಅದೂ ಇನ್ನೂ ಕೈಗೆ ಬಂದಿಲ್ಲ, ಕೋರ್ಟಿನಲ್ಲಿ ಅರ್ಜಿ ನಡೆಯುತ್ತಿದೆ. ಟ್ರೇಡರ್ಸ್ ಹೆಸರಿನ ಆ ಮೊದಲ ಖಾತೆ ಬೇರೆ ರಾಜ್ಯದ ಒಬ್ಬ ಹುಡುಗನದಂತೆ, ಕಮಿಷನ್ ಆಸೆಗೆ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಎಲ್ಲ ಯಾರಿಗೋ ಕೊಟ್ಟಿದ್ದನಂತೆ. ಕಾಲೇಜು ಮಕ್ಕಳಿರುವ ಮನೆಯವರು ಇದನ್ನು ಗಮನಿಸಿ. ಖಾತೆ ಬಾಡಿಗೆಗೆ ಕೊಟ್ಟವನ ಮನೆ ಬಾಗಿಲಿಗೇ ಪೊಲೀಸರು ಮೊದಲು ಬರುವುದು.

ಇಷ್ಟಕ್ಕೇ ಮುಗಿಯಲಿಲ್ಲ. ಸ್ವಲ್ಪ ಕಾಲದ ನಂತರ ಇನ್ನೊಂದು ಕರೆ. “ಸೈಬರ್ ಸೆಲ್‌ನಿಂದ ಮೇಡಂ, ನಿಮ್ಮ 9 ಲಕ್ಷ ಪತ್ತೆಯಾಗಿದೆ, ಬಿಡುಗಡೆಗೆ ಶುಲ್ಕ ಕಟ್ಟಬೇಕು.” ಮೊತ್ತ ಸಹ ಸರಿಯಾಗಿ ಹೇಳಿದ್ದಾನೆ. ಒಮ್ಮೆ ಮೋಸ ಹೋದವರ ವಿವರ ಅವರವರಲ್ಲೇ ಕೈಬದಲಾಗುತ್ತೆ. ಕಳೆದದ್ದು ಸಿಕ್ಕೀತು ಅನ್ನುವ ಆಸೆಯನ್ನೇ ಹಿಡಿದು ಎರಡನೇ ಸಲ ದೋಚುತ್ತಾರೆ. ಈ ಸಲ ಅತ್ತೆ ಕೇಳಿದ ಒಂದೇ ಪ್ರಶ್ನೆ, “ಇದನ್ನ ನನ್ನ ಅಣ್ಣನ ಮಗನ ಹತ್ತಿರ ಹೇಳಬಹುದಾ?” ಆ ಕಡೆ ಫೋನು ಕಟ್ ಆಯಿತು. ಹಣ ವಾಪಸ್ ಕೊಡಿಸಲು ಪೊಲೀಸರಾಗಲಿ ಕೋರ್ಟಾಗಲಿ ಫೋನಿನಲ್ಲಿ ಶುಲ್ಕ ಕೇಳುವುದಿಲ್ಲ. ಸಾಮಾಜಿಕ ಜಾಲತಾಣದಲ್ಲಿ ‘ಹಣ ರಿಕವರಿ ಮಾಡಿಕೊಡುತ್ತೇವೆ’ ಅಂತ ಬರುವವರನ್ನೂ ನಂಬಬೇಡಿ.

ಓದಿದವರು ಹೀಗೆ ಮೋಸ ಹೋಗುವುದುಂಟೇ ಅಂತ ಅತ್ತೆಯ ಮುಂದೆಯೇ ಒಬ್ಬರು ಅಂದರು. ವರ್ಧಮಾನ್ ಸಮೂಹದ ಮುಖ್ಯಸ್ಥ ಎಸ್.ಪಿ. ಓಸ್ವಾಲ್ ಅವರಂಥ ಉದ್ಯಮಿಯೇ 2024ರಲ್ಲಿ ಇದೇ ಬಲೆಗೆ ಬಿದ್ದು 7 ಕೋಟಿ ಕಳಕೊಂಡರು. ಅವರಿಗೆ ಸುಪ್ರೀಂ ಕೋರ್ಟಿನ ನಕಲಿ ವಿಚಾರಣೆಯನ್ನೇ ವಿಡಿಯೊದಲ್ಲಿ ತೋರಿಸಿದ್ದರು. 2025ರ ಮಾರ್ಚ್‌ನಲ್ಲಿ ನಮ್ಮ ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ ವೃದ್ಧ ದಂಪತಿ ಇಂಥವರ ಕಾಟ ತಾಳಲಾರದೆ ಜೀವವನ್ನೇ ಕಳಕೊಂಡರು. ಆ ಸುದ್ದಿ ನೆನೆದರೆ, ಅತ್ತೆಯ ಹಣ ಹೋದದ್ದು ನನಗೆ ದೊಡ್ಡದಾಗಿ ಕಾಣುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಮೋಸ ಹೋಗಿದ್ದರೆ ದಯವಿಟ್ಟು ಬೈಯಬೇಡಿ. ಬೈಗುಳಕ್ಕೆ ಹೆದರಿಯೇ ಎಷ್ಟೋ ಜನ ಎರಡು ಮೂರು ದಿನ ಸುಮ್ಮನಿರುತ್ತಾರೆ, ಅಷ್ಟರಲ್ಲಿ ತಡೆ ಹಿಡಿಯಲು ಒಂದು ರೂಪಾಯಿಯೂ ಉಳಿದಿರುವುದಿಲ್ಲ.

ಈಗ ನಮ್ಮ ಮನೆಗಳಲ್ಲಿ ಒಂದು ಮಾತಾಗಿದೆ. ಪೊಲೀಸು, ಕೋರ್ಟು, ಕೊರಿಯರ್, ಬ್ಯಾಂಕು ಅಂತ ಯಾರೇ ಕರೆ ಮಾಡಲಿ, “ಮನೆಯವರ ಹತ್ತಿರ ಕೇಳಿ ಹೇಳ್ತೀನಿ” ಅಂತ ಇಡಬೇಕು. ಇಟ್ಟ ಕೂಡಲೇ ನಮ್ಮಲ್ಲಿ ಒಬ್ಬರಿಗೆ ಹೇಳಬೇಕು, ಅರ್ಧರಾತ್ರಿ ಆದರೂ ಸರಿ. ಅನುಮಾನದ ಕರೆ ಬಂದರೆ, ಹಣ ಹೋಗದಿದ್ದರೂ, ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ‘ಚಕ್ಷು’ ಅನ್ನುವ ಕಡೆ ವರದಿ ಮಾಡುತ್ತೇವೆ. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ಅಲ್ಲೇ ನೋಡಬಹುದು. ಮುಂಬೈ ಸಿಮ್ಮಿನ ಕಥೆ ಹೇಳಿದಾಗ ಅತ್ತೆ ಅದನ್ನು ನೋಡುವಂತಿದ್ದಿದ್ದರೆ ಅಲ್ಲೇ ಸುಳ್ಳು ಬಯಲಾಗುತ್ತಿತ್ತು.

ಕೊನೆಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಓದುಗರಲ್ಲಿ ಒಂದು ವಿನಂತಿ. ವಯಸ್ಸಾದವರು ಒಬ್ಬರೇ ಬಂದು ಅವಸರದಲ್ಲಿ ಎಫ್‌ಡಿ ಮುರಿಸಿ, ಗುರುತಿಲ್ಲದ ಕಂಪನಿ ಖಾತೆಗೆ ಹಾಕಿ ಅಂದರೆ, ಯಾಕೆ ಅಂತ ಕೌಂಟರಿನಲ್ಲಿ ಕೇಳಿದರೆ ಸಾಲದು. ಅವರ ಬ್ಯಾಗಿನಲ್ಲಿ ಕಳ್ಳ ಕೇಳಿಸಿಕೊಳ್ಳುತ್ತಿರುತ್ತಾನೆ, ಉತ್ತರವನ್ನು ಅವನೇ ಕಲಿಸಿ ಕಳಿಸಿರುತ್ತಾನೆ. ಬ್ಯಾಗು, ಫೋನು ಹೊರಗಿಡಿಸಿ ಅವರನ್ನು ಮ್ಯಾನೇಜರ್ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿ. ಒಂದು ಚೀಟಿಯಲ್ಲಿ ‘ನಿಮ್ಮನ್ನು ಯಾರಾದರೂ ಫೋನಿನಲ್ಲಿ ಹೆದರಿಸುತ್ತಿದ್ದಾರಾ?’ ಅಂತ ದಪ್ಪಕ್ಷರದಲ್ಲಿ ಬರೆದು ಮುಂದಿಡಿ. ಹಣ ಕಳಿಸುವ ಮೊದಲು ಮಗನಿಗೋ ಮಗಳಿಗೋ ನಿಮ್ಮ ಬ್ಯಾಂಕಿನ ಫೋನಿನಿಂದಲೇ ಒಂದು ಕರೆ ಮಾಡಿಸಿ.