ಎಂಟು ವಾರದ ದೇವರ ಕೋರ್ಸ್: ಐದಕ್ಕೆ ಮೂರು ಸ್ಟಾರ್, ಅದರಲ್ಲಿ ಎರಡು ಒಂದೇ ವಾರಕ್ಕೆ

"ಎಲ್ಲ ಧರ್ಮಗಳ ದಾರಿಯಲ್ಲಿ ನಡೆದು ನಿಮ್ಮದೇ ದೇವರನ್ನು ಕಂಡುಕೊಳ್ಳಿ" ಅಂತ ಒಂದು ಆನ್‌ಲೈನ್ ಕೋರ್ಸಿನ ಜಾಹೀರಾತು ಪದೇ ಪದೇ ಕಣ್ಣಿಗೆ ಬೀಳುತ್ತಿತ್ತು. ಹೆಸರು ಹೇಳುವುದಿಲ್ಲ. ಇಂಥವು ಈಗ ಬೇಕಾದಷ್ಟಿವೆ, ಎಲ್ಲದರ ಅಚ್ಚೂ ಹೆಚ್ಚುಕಡಿಮೆ ಒಂದೇ. ವಾರಕ್ಕೆ ಎರಡು ವಿಡಿಯೋ, ಒಂದು ಅಭ್ಯಾಸದ ಹಾಳೆ, ಭಾನುವಾರ ಲೈವ್, ಜೊತೆಗೊಂದು ಆ್ಯಪ್. ನಾನು ಸೇರಿದಾಗ ಕೈಮುಗಿಯುವುದು ಬಿಟ್ಟುಹೋಗಿತ್ತು, ಆದರೆ ನಂಬಿಕೆ ಪೂರ್ತಿ ಬಿಟ್ಟಿರಲಿಲ್ಲ. ಸುಮ್ನೆ ನೋಡೋಣ ಅಂತ ಸೇರಿದೆ. ಎಂಟೂ ವಾರ ಮುಗಿಸಿದ್ದೇನೆ, ಒಂದು ಭಾನುವಾರವೂ ತಪ್ಪಿಸಿಲ್ಲ, ಹಾಗಾಗಿ ಬೈಯುವ ಹಕ್ಕು ನನಗಿದೆ.

ಮೊದಲ ಮೂರು ವಾರ ಬರೀ ಸಕ್ಕರೆ ಪಾಕ. ಎಲ್ಲ ನದಿಗಳೂ ಸೇರುವುದು ಒಂದೇ ಸಮುದ್ರಕ್ಕೆ ಅನ್ನುವ ಮಾತನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಾರೆ. ಒಂದು ಸ್ಲೈಡಿನಲ್ಲಿ ಬ್ರಹ್ಮ, ಅಲ್ಲಾಹ್, ತ್ರಿಯೇಕ ದೇವರು, ನಿರ್ವಾಣ ನಾಲ್ಕನ್ನೂ ಒಂದೇ ವೃತ್ತದೊಳಗೆ ಬರೆದಿದ್ದರು. ನಿರ್ವಾಣ ಯಾವಾಗ ದೇವರಾಯಿತು? ಬೌದ್ಧರಲ್ಲಿ ಜಗತ್ತನ್ನು ಸೃಷ್ಟಿಸಿದ ದೇವರೇ ಇಲ್ಲ, ಜೈನರಲ್ಲೂ ಇಲ್ಲ. ಕ್ರೈಸ್ತರು ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ಆದ ತ್ರಿಯೇಕ ದೇವರು ಅನ್ನುತ್ತಾರೆ, ಕುರಾನು ಮೂರು ಅನ್ನಬೇಡಿ ಅಂತ ನೇರವಾಗಿಯೇ ಹೇಳುತ್ತದೆ. ಇವರೆಲ್ಲ ನೂರಾರು ವರ್ಷ ತಲೆಕೆಡಿಸಿಕೊಂಡು ವಾದ ಮಾಡಿದ್ದು ಸಮುದ್ರ ಒಂದೇ ಅಂತ ಗೊತ್ತಾಗದೆಯಾ?

ದಾರಾ ಶುಕೋಹ್ ಕಥೆಯನ್ನೂ ಅರ್ಧಕ್ಕೇ ಬಿಟ್ಟರು. ಮೊಘಲ್ ರಾಜಕುಮಾರ, ಪಂಡಿತರನ್ನು ಕೂರಿಸಿಕೊಂಡು 1657ರಲ್ಲಿ 50 ಉಪನಿಷತ್ತುಗಳನ್ನು ಪರ್ಷಿಯನ್ನಿಗೆ ತಂದ. ಇಲ್ಲಿಗೆ ಹಿನ್ನೆಲೆ ಸಂಗೀತ, ವಿಡಿಯೋ ಮುಗಿಯಿತು. ಆದರೆ 1659ರಲ್ಲಿ ಅವನ ತಲೆ ಹೋಯಿತು. ಜಗಳ ಸಿಂಹಾಸನದ್ದೇ, ಆದರೂ ಧರ್ಮ ಬಿಟ್ಟವನು ಅನ್ನುವ ಆರೋಪವನ್ನೂ ಅವನ ಮೇಲೆ ಹೊರಿಸಿದ್ದರು. ಇಂಥ ಹುಡುಕಾಟಕ್ಕೆ ಏನೇನು ಬೆಲೆ ತೆರಬೇಕಾಗುತ್ತಿತ್ತು ಅಂತ ಹೇಳದಿದ್ದರೆ ಅದೊಂದು ಪ್ರವಾಸದ ಜಾಹೀರಾತಾಗುತ್ತದೆ ಅಷ್ಟೆ.

ನಾಲ್ಕು, ಐದನೇ ವಾರ ಜಪದ್ದು. 108 ಮಣಿಯ ಜಪಮಾಲೆ, ಮುಸ್ಲಿಮರ 99 ಮಣಿಯ ತಸ್ಬಿ, ಉಸಿರಿನ ಜೊತೆ ಹೇಳುವ ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರ ಯೇಸು ಪ್ರಾರ್ಥನೆ. ಚೆನ್ನಾಗಿದೆ, ಆದರೆ ಒಂದೊಂದಕ್ಕೆ ಎರಡೆರಡು ದಿನ ಕೊಟ್ಟರೆ ನಾಲಿಗೆಗೂ ಹತ್ತುವುದಿಲ್ಲ.

ದುಡ್ಡು ವಸೂಲಾಗಿದ್ದು ಆರನೇ ವಾರದಲ್ಲಿ. ವಿಷಯ 'ನೇತಿ ನೇತಿ'. ಇದಲ್ಲ, ಇದಲ್ಲ. ಬೃಹದಾರಣ್ಯಕ ಉಪನಿಷತ್ತಿನ ಈ ಮಾತು ನಮಗೆ ಹೊಸದಲ್ಲ ಬಿಡಿ. ನನಗೆ ಹೊಸದಾಗಿದ್ದು ಅದರ ಪಕ್ಕದಲ್ಲಿ ಕೂರಿಸಿದ ಮೈಮೊನಿಡೀಸ್. 12ನೇ ಶತಮಾನದ ಯಹೂದಿ ಪಂಡಿತ. ದೇವರು ಹೀಗಿದ್ದಾನೆ ಅಂತ ಹೇಳಿದಷ್ಟೂ ತಪ್ಪುತ್ತೀರಿ, ಹೀಗಿಲ್ಲ ಅಂತ ಮಾತ್ರ ಹೇಳಬಹುದು ಅನ್ನುವುದು ಅವನ ವಾದ. ಅಭ್ಯಾಸ ಸರಳ: ದೇವರ ಬಗ್ಗೆ ನೀವು ನಂಬುವ ಹತ್ತು ಮಾತು ಬರೆಯಿರಿ, ದಿನಾ ಒಂದೋ ಎರಡೋ ಹೊಡೆದುಹಾಕಿ, ಯಾಕೆ ಹೊಡೆದಿರಿ ಅಂತ ಪಕ್ಕದಲ್ಲಿ ಬರೆಯಿರಿ.

'ಸರ್ವಶಕ್ತ' ಮೊದಲ ದಿನವೇ ಹೋಯಿತು, ಅದನ್ನು ನಾನು ಬರೆದದ್ದೇ ಅಭ್ಯಾಸಬಲದಿಂದ. 'ನ್ಯಾಯ ಕೊಡುವವನು' ಹೊಡೆಯುವಾಗ ಕೈ ತಡೆಯಲಿಲ್ಲ, ಸ್ವಲ್ಪ ಸಿಟ್ಟೂ ಇತ್ತು, ಪೆನ್ನು ಹಾಳೆಯ ಹಿಂದಕ್ಕೆ ಮೂಡಿತ್ತು. 'ಕರುಣಾಮಯಿ' ಹೊಡೆಯಲು ಎರಡು ದಿನ ಬೇಕಾಯಿತು. ಕೊನೆಗೆ ಉಳಿದದ್ದು 'ಕೇಳಿಸಿಕೊಳ್ಳುವವನು'. ಅದನ್ನು ಹೊಡೆಯಲು ಗೆರೆ ಎಳೆಯುತ್ತಾ ಹೋದವನು ಅರ್ಧಕ್ಕೇ ನಿಲ್ಲಿಸಿದೆ. ಯಾಕೆ ಅಂತ ಬರೆಯುವ ಜಾಗ ಇವತ್ತಿಗೂ ಖಾಲಿ ಇದೆ.

ಅದೇ ವಾರ ಯಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್ ಬಗ್ಗೆಯೂ ಒಂದು ವಿಡಿಯೋ ಇತ್ತು. ದೇವರು ಎಂದಿಗೂ 'ಅದು' ಆಗಲಾರದ 'ನೀನು', ಅಂದರೆ ವಸ್ತುವಿನ ಹಾಗೆ ದೂರದಿಂದ ನೋಡುವುದಲ್ಲ, ಎದುರಿಗೆ ನಿಂತು ಮಾತಾಡಿಸುವುದು ಅಂತ 1923ರಲ್ಲಿ ಬರೆದವನು. ಅದನ್ನು ಕೇಳಿದ ಮೇಲೆ ನಮ್ಮ ಭಾಷೆಯತ್ತ ತಲೆ ಹೋಯಿತು. ಯಜಮಾನರು, ಮೇಷ್ಟ್ರು, ಗುರುತಿಲ್ಲದ ಹಿರಿಯರು, ಎಲ್ಲರಿಗೂ 'ನೀವು' ಅನ್ನುತ್ತೇವೆ. ದೇವರಿಗೆ ಮಾತ್ರ 'ನೀನೇ ಕಾಪಾಡಪ್ಪಾ'. ದೇವರು ಅನ್ನುವ ಪದಕ್ಕೇ ಬಹುವಚನದ ಗೌರವ ಇದೆ, ಆದರೂ 'ದೇವರಿದ್ದಾನೆ' ಅಂತ ಏಕವಚನಕ್ಕೆ ಇಳಿಸುತ್ತೇವೆ, ಯಾರಿಗೂ ಅದು ತಪ್ಪು ಅನ್ನಿಸುವುದಿಲ್ಲ, ಅಲ್ವಾ? ನನ್ನ ಹಾಳೆಯಲ್ಲಿ ಹೊಡೆಯದೆ ಉಳಿದ ಮಾತೂ ಬಹುಶಃ ಈ 'ನೀನು'ವಿಗೆ ಸೇರಿದ್ದು. ಕೋರ್ಸಿನವರು ಇದನ್ನು ಹೇಳಿಕೊಡಲಿಲ್ಲ, ಆದರೆ ಅವರು ಆ ಹಾಳೆ ಕೊಡದಿದ್ದರೆ ನನಗೆ ಹೊಳೆಯುತ್ತಲೂ ಇರಲಿಲ್ಲ.

ಏಳನೇ ವಾರದ ಲೈವ್ ನಗು ತರಿಸಿತು. ಕ್ವೇಕರ್ ಕ್ರೈಸ್ತರ ಹಾಗೆ ಮೌನವಾಗಿ ಕೂರುವುದು, ಒಳಗಿನಿಂದ ಮಾತು ಬಂದವರು ಮಾತ್ರ ಎದ್ದು ಮಾತಾಡುವುದು. ಯಾರದೋ ಮೈಕ್ ಆನ್ ಇತ್ತು. ಅವರ ಫ್ಯಾನು ಕಿರ್, ಕಿರ್ ಅಂತ ಇಪ್ಪತ್ತು ನಿಮಿಷ. ಆಫ್ ಮಾಡಿ ಅನ್ನೋಣವೆಂದರೆ ಅದು ಒಳಗಿನಿಂದ ಬಂದ ಮಾತಾ ಅಂತ ಎಲ್ಲರಿಗೂ ಅನುಮಾನ! ಕೊನೆಗೆ ಆ ಕಿರ್ ಕಿರ್‌ಗೇ ಮನಸ್ಸು ಹೊಂದಿಕೊಂಡಿತು. ಅಷ್ಟು ಹೊತ್ತು ಸುಮ್ಮನೆ ಕೂತಿದ್ದೆ ಅಂತ ಗೊತ್ತಾಗಿದ್ದೇ ಅದು ನಿಂತ ಮೇಲೆ.

ದೊಡ್ಡ ಕೊರತೆ ಒಂದಿದೆ. ಸಿಖ್ಖರ ಬಗ್ಗೆ ಒಂದು ನಿಮಿಷವೂ ಇಲ್ಲ. ಗುರು ಗ್ರಂಥ ಸಾಹಿಬ್‌ನ 1,430 ಪುಟಗಳಲ್ಲಿ ಗುರುಗಳ ವಾಣಿಯ ಜೊತೆಗೆ ಕಬೀರ, ರವಿದಾಸ, ನಾಮದೇವ, ಸೂಫಿ ಶೇಖ್ ಫರೀದ್ ಎಲ್ಲರ ಮಾತೂ ಇದೆ. ಬೇರೆ ಬೇರೆ ದಾರಿಯವರನ್ನು ಒಂದೇ ಗ್ರಂಥದಲ್ಲಿ ಕೂರಿಸಿ ಅದಕ್ಕೇ ತಲೆಬಾಗುವವರನ್ನು ಬಿಟ್ಟು ಈ ವಿಷಯದ ಕೋರ್ಸ್ ಮಾಡುವುದು ಹೇಗೆ ಅಂತ ಲೈವಿನಲ್ಲಿ ಕೇಳಿದೆ. "ಮುಂದಿನ ಬ್ಯಾಚಿನಲ್ಲಿ ನೋಡೋಣ" ಅಂದರು. ನಮ್ಮ ಬ್ಯಾಚಿನವರು ಏನು ಪಾಪ ಮಾಡಿದ್ದೆವೋ.

ಎಂಟನೇ ವಾರ 'ನಿಮ್ಮ ದೇವರ ವ್ಯಾಖ್ಯಾನ ಬರೆದು ಹಂಚಿಕೊಳ್ಳಿ' ಅಂತಿತ್ತು. ಎರಡು ವಾರ ಹಿಂದೆ ಹೊಡೆಸಿಹಾಕಿದ್ದನ್ನೇ ಮತ್ತೆ ಬರೆಸಿದರೆ ಆರನೇ ವಾರ ಯಾಕಿತ್ತು? ನಾನು ಬರೆಯಲಿಲ್ಲ, ಅದಕ್ಕೆ ಸರ್ಟಿಫಿಕೇಟೂ ಬರಲಿಲ್ಲ.

ಯಾರಿಗೆ ಬೇಕು ಅಂದರೆ, ಒಂದು ಧರ್ಮದಲ್ಲಿ ಗಟ್ಟಿಯಾಗಿ ನಿಂತವರಿಗೆ ಮೊದಲ ಮೂರು ವಾರ ರೇಗುತ್ತದೆ, ನಿಲ್ಲಲು ಜಾಗವೇ ಸಿಗದವರಿಗೆ ಆರನೇ ವಾರಕ್ಕೆ ಮುಂಚೆಯೇ ಬೇಜಾರಾಗುತ್ತದೆ. ಸೇರುವುದಾದರೆ ಆ ಹಾಳೆಯಿಂದಲೇ ಶುರುಮಾಡಿ, ವಿಡಿಯೋ ಆಮೇಲೆ ನೋಡಿದರೂ ಆದೀತು. ಆ್ಯಪ್ ಬೇಡವೇ ಬೇಡ. ದಿನಕ್ಕೆ ನಾಲ್ಕು ಸಲ ಗಂಟೆ ಹೊಡೆದು "ಈಗ ದೇವರನ್ನು ನೆನೆಯಿರಿ" ಅನ್ನುತ್ತದೆ, ಕೋರ್ಸ್ ಮುಗಿದು ತಿಂಗಳಾದರೂ ನಿಂತಿರಲಿಲ್ಲ, ನಿನ್ನೆ ಕಿತ್ತುಹಾಕಿದೆ.